ಸಪ್ಪೆ ಠರಾವು

ನಮ್ಮೂರಿನ ಸಭಾಭವನದಲ್ಲಿ ಒಂದು ಗಂಟೆ ಇದೆ. ಅದಕ್ಕೆ ಹಗ್ಗವಿಲ್ಲ. ಊರು ಕೂಡಿ ಮಾಡಿದ ಠರಾವನ್ನು ಊರಿನವರಲ್ಲಿ ಯಾರಾದರೂ ಮುರಿದರೆ ಅದು ತನ್ನಷ್ಟಕ್ಕೆ ತಾನೇ ಬಾರಿಸುತ್ತದೆ. ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ನನಗೇನು ಗೊತ್ತು? ನಿಮ್ಮೂರಿನ ಹುಂಜಕ್ಕೆ ಬೆಳಗಾದದ್ದು ಹೇಗೆ ಗೊತ್ತಾಗುತ್ತದೆ ಎಂದು ನಾನು ಎಂದಾದರೂ ಕೇಳಿದ್ದೇನೆಯೇ?

ಇಂಥ ಗಂಟೆಯ ಕೆಳಗೆ ಕೂತು ಕಾನೂನು ಮಾಡುವುದು ಹುಡುಗಾಟವಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಒಮ್ಮೆ, ಗಂಡ ಹೆಂಡತಿ ಒಬ್ಬರಿಗೊಬ್ಬರು ಸುಳ್ಳು ಹೇಳಕೂಡದು ಎಂದು ಠರಾವು ಮಾಡಿದರಂತೆ. ಮುಂಜಾನೆ ಪಾಸಾಯಿತು. ಮಧ್ಯಾಹ್ನದ ಹೊತ್ತಿಗೆ ಗಂಟೆಯ ಸದ್ದಿಗೆ ಹೆದರಿ ಎಮ್ಮೆಗಳು ಹಾಲು ಬಿಡುವುದನ್ನು ನಿಲ್ಲಿಸಿದವು. ಸಂಜೆಯೊಳಗೆ ಠರಾವನ್ನು ವಾಪಸ್ ತೆಗೆದುಕೊಂಡರು. ಅಂದಿನಿಂದ ನಮ್ಮ ಸಭೆ ಬಾಯಿ ತೆರೆಯುವ ಮುಂಚೆ ಚೆನ್ನಾಗಿ ವಿಚಾರ ಮಾಡುತ್ತದೆ. ಇನ್ನೂ ಒಂದು ಕಟ್ಟಳೆ ಇದೆ. ಬೇರೆಯವರು ಇಂಥದ್ದನ್ನು ಬಿಡಲಿ ಎಂದು ನಾವು ಕೇಳುವುದಿದ್ದರೆ ಮೊದಲು ನಾವೇ ಅದನ್ನು ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಯ ತನಕ ಬಿಟ್ಟು ತೋರಿಸಬೇಕು. ಅಷ್ಟು ದಿನ ಗಂಟೆ ಸುಮ್ಮನಿದ್ದರೆ ಹೊಳೆಸಾಲಿನ ಉಳಿದ ಎಂಟು ಊರುಗಳು ನಮ್ಮ ಮಾತಿಗೆ ಬೆಲೆ ಕೊಡುತ್ತವೆ. ಅವು ಹೆಸರಿಗೆ ಊರು. ಒಂದೊಂದಕ್ಕೂ ಒಂದೊಂದು ಬಾವುಟ, ಒಂದೊಂದು ಸರಕಾರ. ಗಂಟೆ ಬಾರಿಸಿತೋ, ಠರಾವು ಸತ್ತಂತೆ. ಅದಕ್ಕೆ ಕೈ ಎತ್ತಿದವರು ಯಾರೂ ಒಂದು ವರ್ಷದವರೆಗೆ ಆ ಮಾತನ್ನು ಮತ್ತೆ ಸಭೆಗೆ ತರುವಂತಿಲ್ಲ.

ನಾನು ಫಕೀರವ್ವ. ಅಗಸಿಯ, ಅಂದರೆ ಊರಬಾಗಿಲಿನ, ಪಕ್ಕದಲ್ಲಿ ಖಾನಾವಳಿ ನಡೆಸುತ್ತೇನೆ. ನಮ್ಮ ಹಳ್ಳಿ ಸಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತಿದ್ದೇನೆ; ಅದಕ್ಕಿಂತ ಹೆಚ್ಚು ಕಲಿಸುವುದಕ್ಕೆ ಅಲ್ಲಿ ಮಾಸ್ತರರೇ ಇರಲಿಲ್ಲ. ಊರಿನ ಸಭೆಗೆ ಮೂರನೆಯ ಸಲ ಆರಿಸಿ ಬಂದಿದ್ದೇನೆ. ನನಗೆ ಸಿಟ್ಟು ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ. ಜಾಸ್ತಿ ಇದೆ. ಏನೀಗ?

ನನ್ನ ತಂಗಿ ಕಸ್ತೂರಿಗೆ ಸಿಟ್ಟು ಬರುವುದಿಲ್ಲ. ಅವಳಿಗೆ ಪ್ರಶ್ನೆಗಳು ಬರುತ್ತವೆ. ಚಿಕ್ಕಂದಿನಿಂದಲೂ ಹಾಗೆಯೇ. ಹೊಳೆಯ ಆಚೆಯ ದೇಶಕ್ಕೆ ಅವಳನ್ನು ಮದುವೆ ಮಾಡಿ ಕೊಟ್ಟೆವು. ಗಂಡ ಬೇಗ ತೀರಿಕೊಂಡ. ಅವಳು ಅಲ್ಲಿಯ ಸಾಲೆಯಲ್ಲಿ ಟೀಚರ್ ಆಗಿ ಉಳಿದಳು. ಆಮೇಲೆ ಅಲ್ಲಿಯ ಫೌಜು ತನ್ನದೇ ಸರಕಾರವನ್ನು ಕಿತ್ತು ಹಾಕಿ ಕುರ್ಚಿಯ ಮೇಲೆ ಕೂತಿತು. ಮಹಾದಂಡನಾಯಕ ಎಂದು ಒಬ್ಬ ತನಗೆ ತಾನೇ ಹೆಸರಿಟ್ಟುಕೊಂಡ. ಮದುವೆಯಲ್ಲಿ ಬಾಜಾ ಬಾರಿಸಬೇಕಾದರೂ ಠಾಣೆಯ ಪರವಾನಗಿ ಬೇಕಾಯಿತು. ಒಂದು ದಿನ ಎಲ್ಲ ಸಾಲೆಯ ಟೀಚರುಗಳನ್ನು ಕೂಡಿಸಿ ಒಬ್ಬ ದೊಡ್ಡ ಅಧಿಕಾರಿ ಭಾಷಣ ಮಾಡಿದನಂತೆ. ದೇಶ ಸುಧಾರಿಸಲು ತಾವು ಸ್ವಲ್ಪ ದಿನಕ್ಕೆ ಮಾತ್ರ ಬಂದಿದ್ದೇವೆ ಎಂದು ಹೇಳಿ, ಕೊನೆಗೆ ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದನಂತೆ. ಅದು ಕೇಳುವ ಮಾತಲ್ಲ, ಭಾಷಣ ಮುಗಿಸುವ ಪದ್ಧತಿ, ಎಲ್ಲರಿಗೂ ಗೊತ್ತು. ನಮ್ಮ ಕಸ್ತೂರಿ ಎದ್ದು ನಿಂತು, "ಸಾಹೇಬ್ರ, ಮತ್ತ ನೀವು ವಾಪಸ್ ಯಾವಾಗ ಹೋಗ್ತೀರಿ?" ಎಂದು ಕೇಳಿದಳು.

ಆ ಒಂದು ಪ್ರಶ್ನೆಗೆ ಅವಳನ್ನು ಒಳಗೆ ಹಾಕಿದರು. ಅವಳಂತೆಯೇ ಒಳಗಿದ್ದವರು ಬಹಳ ಜನ. ಆಚೆ ದಂಡೆಯ ಸಾಲೆಗಳಲ್ಲಿ ಮಕ್ಕಳೇ ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆ ಎಂದು ಅಂಬಿಗರು ಬಂದು ಹೇಳುತ್ತಿದ್ದರು.

ನಾನು ಸಭೆಯಲ್ಲಿ ಮಾತೆತ್ತಿದೆ. "ಆ ಫೌಜಿನವರು ದೇಶದ ಮೆಣಸಿನಕಾಯಿ ಹೊಲ ಅಷ್ಟೂ ಕಸಗೊಂಡಾರ. ಅದನ್ನ ಮಾರಿದ ರೊಕ್ಕದಾಗ ಬಂದೂಕು ಕೊಳ್ತಾರ. ಕೊಳ್ಳಾಕ ಬರೋರು ಯಾರು? ನಾವು ಒಂಬತ್ತು ಊರಿನವರು. ನಮ್ಮ ನೆಲದಾಗ ಮೆಣಸಿನಗಿಡ ಹುಟ್ಟೂದಿಲ್ಲ. ನಾವು ದಿನಾ ಮುಂಜಾನೆ ಎದ್ದು, ನನ್ನ ತಂಗೀನ ಒಳಗ ಹಾಕಿದವರ ಜೇಬಿಗೆ ರೊಕ್ಕ ಹಾಕಿ, ಚಟ್ನಿ ಅರಕೊಂಡು ತಿನ್ನಾಕತ್ತೀವಿ. ಒಂಬತ್ತೂ ಊರು ಅವರ ಮೆಣಸಿನಕಾಯಿ ಕೊಳ್ಳೂದು ಬಂದ್ ಮಾಡ್ಲಿ. ಒಳಗ ಹಾಕಿದವರನ್ನ ಬಿಡೂ ತನಕ ಬಂದ್."

ಈರಸಂಗಪ್ಪ ಎದ್ದು ನಿಂತ. ಅವನೂ ಸಭೆಯ ಸದಸ್ಯ. ಊರಿಗೆಲ್ಲ ಮೆಣಸಿನಕಾಯಿ ಮಾರುವವನು ಅವನೇ. "ಫಕೀರವ್ವಕ್ಕ, ಸಿಟ್ಟಿಗೇಳಬ್ಯಾಡ. ನಾ ನನ್ನ ಅಂಗಡಿ ಸಲುವಾಗಿ ಹೇಳಾಕತ್ತಿಲ್ಲ."

"ಮತ್ತ ಯಾರ ಅಂಗಡಿ ಸಲುವಾಗಿ ಹೇಳಾಕತ್ತೀಯೋ?"

"ಕೇಳಿಲ್ಲೆ. ನಾವು ಕೊಳ್ಳೂದು ಬಿಟ್ರ ಆ ದಂಡನಾಯಕ ಉಪವಾಸ ಬೀಳ್ತಾನೇನು? ಅವನ ತಾಟಿಗೆ ಏನೂ ಕಮ್ಮಿ ಆಗೂದಿಲ್ಲ. ಪೆಟ್ಟು ಬೀಳೂದು ಅಲ್ಲಿ ಬಡವರಿಗೆ, ಒಳಗ ಇದ್ದವರಿಗೆ. ನಿನ್ನ ತಂಗೀಗೇ ಬೀಳತೈತಿ ನೋಡು."

ನಾನು ಕೈಯಲ್ಲಿದ್ದ ಚೀಲವನ್ನು ಅವನ ಮೇಲೆ ಎಸೆಯುವವಳಿದ್ದೆ. ಅಧ್ಯಕ್ಷ ಚನ್ನಮಲ್ಲಪ್ಪನವರು ಮೇಜು ಕುಟ್ಟಿದರು. ಅವರು ನಿಧಾನದ ಮನುಷ್ಯ; ಮಳೆ ಬಂದರೂ ಅದು ಮಳೆ ಹೌದೋ ಅಲ್ಲವೋ ಎಂದು ಎರಡು ಸಲ ಕೈ ಚಾಚಿ ನೋಡುತ್ತಾರೆ. "ಎಲ್ಲಾರೂ ಲಕ್ಷ್ಯ ಕೊಟ್ಟು ಕೇಳ್ರಿ. ಠರಾವು ಪಾಸಾದ್ರ ಮೊದಲು ನಾವು ಬಿಡಬೇಕು. ಒಂದು ತಿಂಗಳು ಊರಾಗ ಒಬ್ಬರೂ ಒಂದು ಚೂರು ಖಾರ ಬಾಯಿಗೆ ಹಾಕೂಹಂಗಿಲ್ಲ. ರಂಜಕ ಇಲ್ಲ, ಚಟ್ನಿ ಇಲ್ಲ, ಒಗ್ಗರಣೆಗೂ ಇಲ್ಲ. ಸಪ್ಪ ಸಾರು, ಸಪ್ಪ ಪಲ್ಯ. ವಿಚಾರ ಮಾಡ್ರಿ."

ಊರೆಲ್ಲ ಅಲ್ಲಿ ಸೇರಿತ್ತು; ನಮ್ಮಲ್ಲಿ ಠರಾವು ತರುವುದಕ್ಕೂ ಕೈ ಎತ್ತುವುದಕ್ಕೂ ಸದಸ್ಯರಿಗಷ್ಟೇ ಅಲ್ಲ, ಊರವರೆಲ್ಲರಿಗೂ ಹಕ್ಕಿದೆ. ಒಂದೊಂದಾಗಿ ಎಲ್ಲರ ಕೈಗಳೂ ಎದ್ದವು. ಈರಸಂಗಪ್ಪನ ಕೈ ಒಂದೇ ಕೆಳಗೆ ಉಳಿಯಿತು.

ಮನೆಮನೆಯಲ್ಲಿದ್ದ ಖಾರದ ಡಬ್ಬಿ, ಉಪ್ಪಿನಕಾಯಿ ಭರಣಿ ಎಲ್ಲವನ್ನೂ ತಂದು ಸಭಾಭವನದ ಅಟ್ಟಕ್ಕೆ ಏರಿಸಿ ಬೀಗ ಹಾಕಿದೆವು. ಅಟ್ಟದ ಹಲಗೆಗಳ ಸಂದಿನಿಂದ ಪುಡಿ ಉದುರುತ್ತಿತ್ತು. ಆ ತಿಂಗಳು ಸಭೆ ನಡೆದದ್ದೆಲ್ಲ ಸೀನಿನ ಮಧ್ಯೆಯೇ. ಚರಂಡಿಯ ವಿಷಯ ಮಾತಾಡಲು ಎದ್ದವರು ಸೀನಿ ಸೀನಿ, ಏನು ಹೇಳಲು ಎದ್ದೆ ಎಂಬುದನ್ನೇ ಮರೆತು ಕೂತುಬಿಡುತ್ತಿದ್ದರು. ಮೂಗಿಗೆ ಹೋದದ್ದು ಲೆಕ್ಕಕ್ಕೆ ಬರುತ್ತದೆಯೇ ಎಂದು ಮೊದಲ ದಿನ ಎಲ್ಲರೂ ಗಂಟೆಯನ್ನು ನೋಡಿದರು. ಗಂಟೆ ಸುಮ್ಮನಿತ್ತು.

ಊರು ಹೊಂದಿಕೊಂಡದ್ದೇ ಒಂದು ತಮಾಷೆ. ಕರಿಮೆಣಸು ಔಷಧಿ ಅಂಗಡಿಯಲ್ಲಿ ಇದ್ದಷ್ಟು ಎರಡೇ ದಿನದಲ್ಲಿ ಮುಗಿಯಿತು. ಹಸಿಶುಂಠಿಗೆ ಜಗಳಗಳಾದವು. ಸಾಸಿವೆ ಅರೆದು ಹಚ್ಚಿಕೊಂಡರೆ ಕಣ್ಣಲ್ಲಿ ನೀರಾದರೂ ಬರುತ್ತದೆ ಎಂದು ಒಬ್ಬರು ಕಂಡುಹಿಡಿದರು. ಇಡೀ ಓಣಿ ಅಳುತ್ತ ಉಂಡಿತು. ನನ್ನ ಖಾನಾವಳಿಯಲ್ಲಿ ಗಿರಾಕಿಗಳು ಎಣ್ಣೆಗಾಯಿಯನ್ನು ನೋಡಿ, ಅದು ಇವರನ್ನು ನೋಡಿ, ಇಬ್ಬರೂ ಸುಮ್ಮನೆ ಕೂರುತ್ತಿದ್ದರು. "ಅಕ್ಕಾ, ಈ ಬದನಿಕಾಯಿ ಯಾರರೆ ಸತ್ತವರ ಮನಿಯಿಂದ ಬಂದಂಗೈತಿ" ಎಂದ ಒಬ್ಬ. "ಉಣ್ಣೂದಿದ್ರ ಉಣ್ಣು, ಇಲ್ಲಂದ್ರ ನೀನೂ ಹಂಗ ಕಾಣಸ್ತೀ" ಎಂದೆ. ಉಂಡ. ಬೆಳ್ಳುಳ್ಳಿ ಹೆಚ್ಚು ಹಾಕಿದೆ, ಹುಣಸೆಹುಳಿ ಹೆಚ್ಚು ಹಾಕಿದೆ, ಶೇಂಗಾ ಹುರಿದು ಹುರಿದು ಕಪ್ಪು ಮಾಡಿದೆ. ಖಾರವಿಲ್ಲದ ಅಡಿಗೆ ಮಾಡಿ ಮಾಡಿ ನನ್ನ ಸಿಟ್ಟು ಇಳಿದೀತು ಎಂದು ಕೆಲವರು ಕಾದಿದ್ದರು. ಇಮ್ಮಡಿಯಾಯಿತು.

ಸುದ್ದಿ ಹೊಳೆ ದಾಟಿತು. ಒಂದು ದಿನ ಮುಂಜಾನೆ ಖಂಡೇರಾವ ಎಂಬ ಮನುಷ್ಯ ದೋಣಿ ಇಳಿದ. ಫೌಜಿನಿಂದ ನಿವೃತ್ತನಾದ ಸುಬೇದಾರ. ದಪ್ಪ ಮೀಸೆ, ಹಳೆಯ ಕೋಟು, ಹೆಗಲ ಮೇಲೆ ಒಂದು ಚೀಲ ಕೆಂಪು ಮೆಣಸಿನಕಾಯಿ. ಚೌಕದಲ್ಲಿ ಗೋಣಿ ಹಾಸಿ ರಾಶಿ ಸುರಿದು, "ಬರ್ರೆಪಾ ಬರ್ರಿ, ಪುಕ್ಕಟೆ, ಮಹಾದಂಡನಾಯಕರ ಕಾಣಿಕಿ" ಎಂದು ಕೂಗತೊಡಗಿದ. ಯಾಕೆ ಬಂದಿದ್ದಾನೆಂದು ಕೂಸಿಗೂ ಗೊತ್ತಾಯಿತು. ಊರಿನ ಒಬ್ಬರ ನಾಲಿಗೆಗೆ ಒಂದು ಚೂರು ತಾಗಿದರೆ ಸಾಕು, ಗಂಟೆ ಬಾರಿಸುತ್ತದೆ, ನನ್ನ ಠರಾವು ಸಾಯುತ್ತದೆ.

ನಾನು ಸಟ್ಟುಗ ಹಿಡಿದುಕೊಂಡೇ ಚೌಕಕ್ಕೆ ಹೋದೆ. ಅಲ್ಲಿ ಆಗಲೇ ಜನ ಜಮಾಯಿಸಿದ್ದರು, ಮುಂದೆ ಈರಸಂಗಪ್ಪ. ರಾಶಿಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಎಳೆದುಕೊಳ್ಳುತ್ತಿದ್ದ.

"ಏನ್ ನಡಿಸಿದಿಯೋ ಈರಸಂಗಪ್ಪಾ?"

"ವಾಸನಿ ಅಕ್ಕಾ, ಬರೇ ವಾಸನಿ. ಠರಾವಿನ್ಯಾಗ ವಾಸನಿ ಮಾತಿಲ್ಲ." ಇಷ್ಟು ಹೇಳಿ, ಉಸಿರು ಬಿಗಿಹಿಡಿದುಕೊಂಡೇ ಮನೆಯ ಕಡೆ ಓಡಿದ. ಮೂಗಿನಲ್ಲಿ ವಾಸನೆ ಇರುವಷ್ಟರಲ್ಲಿ ಎರಡು ರೊಟ್ಟಿ ತಿಂದು ಮುಗಿಸಿದನೆಂದು ಅವನ ಹೆಂಡತಿ ಆಮೇಲೆ ಹೇಳಿದಳು.

ಮರುದಿನದಿಂದ ಊಟದ ಹೊತ್ತಿಗೆ ಚೌಕದಲ್ಲಿ ಸಾಲು ಹತ್ತಿತು. ಒಬ್ಬೊಬ್ಬರೇ ಬಂದು ಬಗ್ಗಿ, ಮೂಗು ತುಂಬಿಕೊಂಡು ಮನೆಗೆ ಓಡುವುದು. ನಡೆಯಲಾಗದ ಮುದುಕಿಯರಿಗೆ ಅರಿವೆಯಲ್ಲಿ ವಾಸನೆ ಕಟ್ಟಿಕೊಂಡು ಹೋದವರೂ ಇದ್ದಾರೆ. ತೆಗೆದುಕೊಳ್ಳುವವರು ಮಾತ್ರ ಒಬ್ಬರೂ ಇಲ್ಲ. ಮೆಣಸಿನಕಾಯಿ ಹಂಚಿ ಊರನ್ನು ಕೆಡಿಸಲು ಬಂದ ಮನುಷ್ಯನ ದಯೆಯಿಂದಲೇ ಊರು ಸಪ್ಪೆ ಊಟವನ್ನು ನುಂಗತೊಡಗಿತು. ಖಂಡೇರಾವನಿಗೆ ತಲೆ ಕೆಟ್ಟಿತು.

ನಾಲ್ಕು ದಿನ ಹಾಗೆ ಕಳೆದ ಮೇಲೆ ಅವನು ಸಭಾಭವನದ ಮೆಟ್ಟಿಲ ಮೇಲೆ ನಿಂತು, ಎಲ್ಲರೂ ನೋಡುತ್ತಿರುವಂತೆ, ಒಂದು ಮುಷ್ಟಿ ಮೆಣಸಿನಕಾಯಿಯನ್ನು ತಾನೇ ಬಾಯಿಗೆ ತುಂಬಿಕೊಂಡ. ಊರಿನ ಗಡಿಯೊಳಗೆ ಯಾರು ತಿಂದರೂ ಗಂಟೆ ಬಾರಿಸುತ್ತದೆ ಎಂದು ಅವನ ಲೆಕ್ಕ. ಅಗಿದ. ಮುಖ ಕೆಂಪಾಯಿತು, ಮೀಸೆ ತೊಯ್ದಿತು, ಬಿಕ್ಕಳಿಕೆ ಹತ್ತಿತು. ಗಂಟೆ ಅಲುಗಲಿಲ್ಲ. ಯಾಕೆ ಅಲುಗುತ್ತದೆ? ಅವನು ನಮ್ಮೂರವನಲ್ಲ. ನಮ್ಮಲ್ಲಿ ಊರವರೆಂದರೆ ಯಾರು ಎಂಬುದಕ್ಕೆ ಕಾಗದ ಪತ್ರ ಇಲ್ಲ. ಊರಿನ ಯಾವುದಾದರೊಂದು ಅಡಿಗೆಮನೆಯ ಗೋಡೆಯಲ್ಲಿ ಒಬ್ಬನದೆಂದು ಒಂದು ತಾಟು ತೂಗಿದರೆ ಅವನು ಊರವನು. ಸೊಸೆ ಬಂದರೆ ಮೊದಲು ತಾಟು ತೂಗುಹಾಕುತ್ತೇವೆ. ಮಗಳು ಗಂಡನ ಮನೆಗೆ ಹೋಗುವಾಗ ತಾಟನ್ನು ಇಳಿಸಿ ಜೊತೆಗೆ ಕಳಿಸುತ್ತೇವೆ. ಗಂಟೆಯ ಲೆಕ್ಕವೂ ಅದೇ.

ಖಂಡೇರಾವ ಮೆಟ್ಟಿಲ ಮೇಲೆ ಕುಸಿದು ಕೂತ. ಜನ ನಕ್ಕರು. ನಾನೂ ನಕ್ಕೆ. ಆಮೇಲೆ ಅವನ ಬಿಕ್ಕಳಿಕೆ ನಿಲ್ಲದ್ದನ್ನು ನೋಡಿ ನನಗೆ ಸಿಟ್ಟು ಬಂತು. ಅವನನ್ನು ಎಳೆದುಕೊಂಡು ಖಾನಾವಳಿಗೆ ತಂದು, ಒಂದು ತಂಬಿಗೆ ಮಜ್ಜಿಗೆ ಕುಡಿಸಿ, ಎಲೆ ಹಾಕಿ ಅನ್ನ ಬಡಿಸಿದೆ.

"ಉಂಡು ನಿನ್ನ ಊರಿಗೆ ನಡಿ," ಎಂದೆ.

"ಹೆಂಗ ಹೋಗ್ಲಿ ಯವ್ವಾ?" ಎಂದ. "ಗಂಟಿ ಬಾರಿಸದ ಬಂದ್ರ ನಿನ್ನನ್ನೂ ಒಳಗ ಹಾಕ್ತೀನಿ ಅಂತ ದಂಡನಾಯಕ ಅಂದಾನ. ಹೆಂಡತಿ ಹೋಗಿ ಬಾಳ ದಿನ ಆತು, ಮಕ್ಕಳಿಲ್ಲ. ನನ್ನ ಹುಡುಕ್ಕೊಂಡು ಅಳೋರೂ ಯಾರೂ ಇಲ್ಲ, ಆ ಮಾತು ಬ್ಯಾರೆ."

ಹಾಗೆ ಅವನು ಉಳಿದ. ದಿನಾ ಎರಡು ಹೊತ್ತು ಬಂದು ಸಾಲಿನ ಕೊನೆಯಲ್ಲಿ ಕೂರುತ್ತಿದ್ದ. ಕಟ್ಟಿಗೆ ಒಡೆದುಕೊಡುತ್ತಿದ್ದ, ನೀರು ಸೇದುತ್ತಿದ್ದ. ಪರವೂರವನೆಂದು ಅವನಿಗೆ ಪ್ರತಿ ಸಲ ಎಲೆ ಹಾಕಬೇಕಾಗುತ್ತಿತ್ತು. ಒಂದು ದಿನ ಎಲೆ ತೀರಿಹೋಗಿತ್ತು. ಗಿರಾಕಿಗಳು ಬೇರೆ ಜಾಸ್ತಿ. ನನಗೆ ರೇಗಿತು. "ನಿನ್ನ ಸಲುವಾಗಿ ದಿನಾ ಎಲಿ ಎಲ್ಲಿಂದ ತರಲೋ? ತಗೋ" ಎಂದು ಹಳೆಯದೊಂದು ಹಿತ್ತಾಳೆ ತಾಟನ್ನು ಅವನ ಮುಂದೆ ಕುಕ್ಕಿದೆ. ಉಂಡ ಮೇಲೆ ಅವನು ಅದನ್ನು ತೊಳೆದು, ಎಲ್ಲಿ ಇಡಲಿ ಎಂದು ಕೇಳಿದ. "ಅಲ್ಲೇ ಮೊಳಿಗೆ ತೂಗಹಾಕು, ನನ್ನ ತಲಿ ತಿನ್ನಬ್ಯಾಡ" ಎಂದೆ. ಗದ್ದಲದಲ್ಲಿ ನಾನೂ ವಿಚಾರ ಮಾಡಲಿಲ್ಲ, ಅವನಿಗಂತೂ ಏನೂ ಗೊತ್ತಿಲ್ಲ.

ಹುಣ್ಣಿಮೆ ಬಂತು. ಆ ದಿನ ಹೊತ್ತು ಮುಳುಗುವ ತನಕ ಗಂಟೆ ಸುಮ್ಮನಿದ್ದರೆ ಮುಗಿಯಿತು. ಎಂಟು ಊರಿನ ಪ್ರತಿನಿಧಿಗಳು ಮಧ್ಯಾಹ್ನವೇ ಬಂದು ಸಭಾಭವನದಲ್ಲಿ ಕೂತರು. ಅವರಲ್ಲಿ ಹಿರಿಯಳು ಜೈನಾಬಿ, ಕೆಳದಂಡೆಯ ಊರಿನವಳು, ಬಾಯಿ ತುಂಬ ಎಲೆಅಡಿಕೆ. ಅವಳ ಮಾತು ಉಳಿದ ಏಳು ಊರುಗಳಲ್ಲಿ ನಡೆಯುತ್ತದೆ. ಊರಿಗೆ ಊರೇ ಒಳಗೆ ಹೊರಗೆ ತುಂಬಿಕೊಂಡಿತ್ತು. ಬಾಗಿಲ ಹತ್ತಿರದ ಕಂಬಕ್ಕೆ ಆತುಕೊಂಡು ಖಂಡೇರಾವನೂ ನಿಂತಿದ್ದ. ನಾನು ಕಿಟಕಿಯಲ್ಲಿ ಹೊತ್ತನ್ನೇ ನೋಡುತ್ತಿದ್ದೆ. ಹೊಳೆಯ ಆಚೆ ಅದು ಮರದ ತುದಿಗೆ ಬಂದಿತ್ತು. ಕಸ್ತೂರಿ ಇರುವ ಕೋಣೆಗೆ ಕಿಟಕಿ ಇದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಗಂಟೆ ಬಾರಿಸಿತು.

ಒಂದೇ ಸಲ. ಆದರೆ ಎಂಥ ಸದ್ದು! ಅಟ್ಟದಿಂದ ಖಾರದ ಪುಡಿ ಮಳೆಯ ಹಾಗೆ ಉದುರಿತು. ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಎಲ್ಲರೂ ಈರಸಂಗಪ್ಪನನ್ನು ನೋಡಿದರು. ಅವನು ಬಾಯನ್ನು ಅಗಲಕ್ಕೆ ತೆರೆದು, ನಾಲಿಗೆ ಹೊರಗೆ ಚಾಚಿ, ಪಕ್ಕದವರಿಗೆಲ್ಲ ತೋರಿಸಿದ. ನನ್ನ ಕಣ್ಣು ಕಂಬದ ಕಡೆ ಹೋಯಿತು. ಖಂಡೇರಾವನ ಮೀಸೆಯ ಕೆಳಗೆ ಒಂದು ಮೆಣಸಿನಕಾಯಿಯ ತೊಟ್ಟು ಕಾಣುತ್ತಿತ್ತು.

ಹೇಗೆ ಅವನ ತನಕ ಹೋದೆನೋ ಗೊತ್ತಿಲ್ಲ. ಕೊರಳಪಟ್ಟಿ ಹಿಡಿದು ಕಂಬಕ್ಕೆ ಒತ್ತಿದೆ. "ಉಂಡ ಮನಿಗೆ ಎರಡು ಬಗೀತೀಯೇನೋ? ಇದಕ್ಕೇ ಇಷ್ಟು ದಿನ ಕಾದಿದ್ದಿ ಹೌದಲ್ಲೋ?"

"ಇಲ್ಲ ಯವ್ವಾ, ನಿನ್ನಾಣಿ ಇಲ್ಲ!" ಅವನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. "ಜೀವ ನಡಗಾಕತ್ತಿತ್ತು. ಇನ್ನೇನು ಠರಾವು ಪಾಸಾಗತೈತಿ, ನಾ ಮತ್ತ ನಮ್ಮೂರು ನೋಡಾಂಗಿಲ್ಲ ಅಂತ. ಹೆದರಿಕಿ ಆದಾಗ ಒಂದು ಮೆಣಸಿನಕಾಯಿ ಕಡಿಯೂದು ಫೌಜಿನ ಚಾಳಿ. ಕೋಟಿನ ಒಳಗ ಒಂದು ಉಳಿದಿತ್ತು. ನಾ ತಿಂದ್ರ ಏನಾಗತೈತಿ ಬಿಡು ಅಂದ್ಕೊಂಡೆ. ಅವತ್ತು ಅಷ್ಟು ಮುಕ್ಕಿದಾಗ ಗಂಟಿ ಬಾರಿಸಲೇ ಇಲ್ಲಲ್ಲ!"

ಕೊರಳಪಟ್ಟಿ ಹಿಡಿದ ನನ್ನ ಕೈ ಸಡಿಲಾಯಿತು. ಗೋಡೆಯ ಮೊಳೆ, ಅದರಲ್ಲಿ ತೂಗಿದ ಹಿತ್ತಾಳೆ ತಾಟು ಕಣ್ಣ ಮುಂದೆ ಬಂತು. ತೂಗಹಾಕು ಎಂದವಳು ನಾನೇ. ಗಂಟೆಯನ್ನು ಬಾರಿಸಲು ಬಂದವನು ಆಗ ಬಾರಿಸಲಾರದೆ ಹೋದ. ಬಾರಿಸಬಾರದು ಎನ್ನುವ ದಿನ ಬಾರಿಸಿಬಿಟ್ಟ. ನಡುವೆ ಅವನನ್ನು ನಾನು ಊರವನನ್ನಾಗಿ ಮಾಡಿದ್ದೆ. ಸಭೆಗೆ ಇದನ್ನು ಹೇಳಬೇಕಾಯಿತು. ಕೂಗಿಯೇ ಹೇಳಿದೆ. ಯಾರೂ ನಗಲಿಲ್ಲ.

ಚನ್ನಮಲ್ಲಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಗಂಟಿ ಬಾರಿಸೇತಿ. ಠರಾವು ಬಿತ್ತು. ಕೈ ಎತ್ತಿದವರು ಯಾರೂ ಒಂದು ವರ್ಷ ಈ ಮಾತು ಎತ್ತೂಹಂಗಿಲ್ಲ."

ಒಂದು ವರ್ಷ. ಕಸ್ತೂರಿ ಇನ್ನೂ ಒಂದು ವರ್ಷ ಒಳಗೆ. ನಾನು ಈರಸಂಗಪ್ಪನ ಕಡೆ ತಿರುಗಿದೆ. ಆ ದಿನ ಕೈ ಎತ್ತದವನು ಅವನೊಬ್ಬನೇ. ಈಗ ಮಾತೆತ್ತಲು ಹಕ್ಕಿದ್ದದ್ದೂ ಅವನೊಬ್ಬನಿಗೇ. ಎಲ್ಲರೂ ಅವನ ಕಡೆ ತಿರುಗಿದರು. ಅವನು ಮಾಡಿನ ತೊಲೆಗಳನ್ನು ನೋಡತೊಡಗಿದ. ಬೇಡಬೇಕೆಂದು ಬಾಯಿ ತೆರೆದೆ. ಬೇಡಿ ಅಭ್ಯಾಸವಿಲ್ಲದ ಬಾಯಿಗೆ ಮಾತೇ ಬರಲಿಲ್ಲ.

"ನಾ ತರಬೌದೇನ್ರೀ ಆ ಮಾತನ್ನ?"

ಕಂಬದ ಹತ್ತಿರದಿಂದ ಬಂದ ದನಿ. ಖಂಡೇರಾವ ಫೌಜಿನವರಂತೆ ಸೆಟೆದು ನಿಂತಿದ್ದ, ಹೆಬ್ಬೆರಳು ಪೈಜಾಮದ ಹೊಲಿಗೆಗೆ ಸರಿಯಾಗಿ. "ನಾ ಖಂಡೇರಾವ. ಫಕೀರವ್ವನ ಖಾನಾವಳ್ಯಾಗ ನಂದೊಂದು ತಾಟೈತಿ. ನಿಮ್ಮ ಗಂಟಿನೇ ನನ್ನನ್ನ ನಿಮ್ಮಾಂವ ಅಂತು. ನಾ ಯಾವ ಠರಾವಿಗೂ ಕೈ ಎತ್ತಿಲ್ಲ. ಮತ್ತ ನಾ ತರಬೌದಲ್ರೀ?"

ಚನ್ನಮಲ್ಲಪ್ಪನವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಗಂಟೆಯನ್ನೂ ಒಮ್ಮೆ ನೋಡಿದರು. "ತಾಟಿದ್ದ ಮ್ಯಾಲೆ ತರಬೌದು. ಯಾಕ ತರಬಾರದು?"

"ಹಂಗಾರ ಕೇಳ್ರಿ. ನನ್ನ ಹರೇದ ಅಷ್ಟೂ ವರ್ಷ ನಾ ಆ ಫೌಜಿನ್ಯಾಗ ಕಳದೀನಿ. ಬೈದ್ರ ಅದು ಹೆದರಂಗಿಲ್ಲ, ಶಾಪ ಹಾಕಿದ್ರ ಹೆದರಂಗಿಲ್ಲ. ಪಗಾರ ಬರದ ತಿಂಗಳಿಗೆ ಹೆದರತೈತಿ. ಮೆಣಸಿನಕಾಯಿ ಕೊಳ್ಳೂದು ಬಿಡ್ರಿ. ಒಳಗಿದ್ದ ಕಟ್ಟಕಡೀ ಮನುಷ್ಯಾ ಹೊರಗ ಬರೂ ತನಕ ಬಿಡ್ರಿ. ಇದು ನನ್ನ ಠರಾವು." ಸ್ವಲ್ಪ ತಡೆದು, "ಕೋಟಿನ್ಯಾಗ ಇನ್ನೇನೂ ಉಳಿದಿಲ್ಲ, ಬೇಕಾದ್ರ ಜಾಡಿಸಿ ನೋಡ್ರಿ" ಎಂದು ಸೇರಿಸಿದ.

ಇನ್ನೊಂದು ತಿಂಗಳು ಸಪ್ಪೆ! ಸಭೆಯ ತುಂಬ ನರಳಾಟ ಎದ್ದಿತು. ಹೊರಗೆ ಯಾರೋ ಹೆಂಗಸು, "ಯವ್ವಾ, ನಾಳೆ ನಮ್ಮನಿಗೆ ಬೀಗರು ಬರ್ತಾರಲ್ಲೇ!" ಎಂದು ಹಣೆ ಬಡಿದುಕೊಂಡಳು. ಆದರೂ ಕೈಗಳು ಎದ್ದವು. ಹೋದ ಸಲಕ್ಕಿಂತ ಬೇಗ ಎದ್ದವು. ಕೊನೆಗೆ ಈರಸಂಗಪ್ಪನ ಕೈಯೂ ಎದ್ದಿತು, ಅರ್ಧದ ತನಕ.

"ನೀನೂ ಏನೋ?" ಎಂದೆ.

"ಹೆಂಗೂ ಅಂಗಡಿ ಬಂದ್ ಐತಲ್ಲಕ್ಕ. ಮನ್ಯಾಗ ಕುಂತು ಹೆಂಡತಿ ಕಡಿಂದ ಬೈಸ್ಕೊಳ್ಳೂದು ರೂಢಿ ಆಗೇತಿ."

ಆಗ ಜೈನಾಬಿ ಎದ್ದು ಬಾಗಿಲ ಹೊರಗೆ ಹೋಗಿ ಎಲೆಅಡಿಕೆ ಉಗುಳಿ ಬಂದಳು. "ನಿಮ್ಮ ಕಟ್ಟಳಿ ನಿಮಗ ಇರ್ಲಿ," ಎಂದಳು. "ನೀವು ಮತ್ತ ಒಂದು ತಿಂಗಳು ಮಾಡಿ ತೋರಸ್ತೀರಿ, ನಾವು ಕುಂತು ನೋಡೋದೇನು? ಅವರ ಸುಬೇದಾರನೇ ಬ್ಯಾಡ ಅಂದ ಮ್ಯಾಲೆ ನನಗ ಯಾವ ಗಂಟಿನೂ ಬ್ಯಾಡ. ನಮ್ಮೂರು ನಾಳಿಂದನೇ ಬಂದ್. ಉಳಿದವರು ಏನಂತೀರಿ?" ಉಳಿದ ಏಳು ಮಂದಿ ಏನೆನ್ನುತ್ತಾರೆ? ಜೈನಾಬಿಯ ಎದುರಿಗೆ ಏನನ್ನೂ ಅನ್ನುವುದಿಲ್ಲ. ಹೂಂ ಎಂದರು.

ಒಂಬತ್ತೂ ಊರು ಸಪ್ಪೆ ಉಂಡವು. ಆಚೆ ದಂಡೆಯ ಮೇಲೆ ಮೆಣಸಿನಕಾಯಿ ರಾಶಿ ಬಿದ್ದಿತು. ಮೊದಲು ಒಂದು ದಿಬ್ಬದಷ್ಟು, ಆಮೇಲೆ ಒಂದು ಗುಡ್ಡದಷ್ಟು. ಈಚೆಯಿಂದ ನೋಡಿದರೆ ದಂಡೆಗೆ ದಂಡೆಯೇ ಕೆಂಪು. ಗಾಳಿ ಆ ಕಡೆ ತಿರುಗಿದಾಗ ಅವರ ಕವಾಯತು ಮೈದಾನದಿಂದ ಸೀನುಗಳ ಸದ್ದು ಹೊಳೆ ದಾಟಿ ಕೇಳುತ್ತಿತ್ತು. ಸಾವಿರ ಜನ ಒಟ್ಟಿಗೆ ಸೀನಿದರೆ ಗುಂಡು ಹಾರಿಸಿದ ಹಾಗೆಯೇ ಇರುತ್ತದೆ. ಅರ್ಧ ಬೆಲೆಗೆ ಕೊಡುತ್ತೇವೆ ಎಂದು ಹೇಳಿ ಕಳಿಸಿದರು. ಯಾರೂ ಕೊಳ್ಳಲಿಲ್ಲ. ಸೀರೆ, ಪಂಚೆ ಕೊಡುತ್ತೇವೆ ಎಂದರು. ಬೇಡವೆಂದೆವು. ಫೌಜಿನವರಿಗೆ ಪಗಾರದ ಬದಲು ಮೆಣಸಿನಕಾಯಿಯನ್ನೇ ಅಳೆದುಕೊಟ್ಟರೆಂದೂ, ಅವರು ಅದನ್ನು ದಂಡನಾಯಕನ ಬಂಗಲೆಯ ಮುಂದೆಯೇ ಸುರಿದು ಹೋದರೆಂದೂ ಅಂಬಿಗರು ಸುದ್ದಿ ತಂದರು. ಆ ದಿನ ಖಂಡೇರಾವ ನನ್ನ ಖಾನಾವಳಿಯಲ್ಲಿ ಎಲ್ಲರಿಗೂ ತಾನೇ ಬಡಿಸಿದ.

ಮೊದಲ ದೋಣಿ ಬಂದದ್ದು ಒಂದು ಸೋಮವಾರ. ಒಳಗಿದ್ದವರಲ್ಲಿ ಕೆಲವರನ್ನು ಬಿಟ್ಟು ಹೊಳೆಯ ಈಚೆಗೆ ಕಳಿಸಿದ್ದರು. ಊರೇ ದಂಡೆಗೆ ಓಡಿತು. ದೋಣಿಯಲ್ಲಿ ಕಸ್ತೂರಿ ಇರಲಿಲ್ಲ. ಎರಡನೆಯ ದೋಣಿಯಲ್ಲೂ ಇರಲಿಲ್ಲ. ಅದರಲ್ಲಿ ಬಂದ ಒಬ್ಬ ಮಾಸ್ತರ, "ಕಸ್ತೂರಿಬಾಯಿ ಅವ್ರು ಮೊದಲಿನ ದೋಣ್ಯಾಗ ಬರಬೇಕಿತ್ರೀ. ಕಾಯಿಲೆ ಇದ್ದವರು ಮೊದಲು ಹೋಗ್ಲಿ ಅಂತ ನಿಂತ್ರು" ಎಂದ. ನನಗೆ ಎಂಥ ಸಿಟ್ಟು ಬಂತೆಂದರೆ ಅವನನ್ನೇ ಬೈದುಬಿಟ್ಟೆ. ಇಡೀ ಹೊಳೆಸಾಲು ಇವಳಿಗಾಗಿ ಸಪ್ಪೆ ಉಣ್ಣುತ್ತಿದೆ, ಇವಳು ಅಲ್ಲಿ ಸಾಲು ಹಚ್ಚಿ ನಿಂತಿದ್ದಾಳೆ!

ಕೊನೆಯ ದೋಣಿಯಲ್ಲಿ ಬಂದಳು. ಕೂದಲು ಗಿಡ್ಡ ಮಾಡಿದ್ದರು. ಸೀರೆ ಮೈಮೇಲೆ ನಿಲ್ಲದಷ್ಟು ಸಣ್ಣಗಾಗಿದ್ದಳು. ದಂಡೆಗೆ ಕಾಲಿಟ್ಟವಳು ನನ್ನನ್ನು ನೋಡಿ, "ಅಕ್ಕಾ, ನೀ ಈ ದಂಡಿ ಮ್ಯಾಲೆ ನಿಂತು ಬೈಯೂದು ಹೊಳಿ ನಡುವ ಕೇಳಸ್ತಿತ್ತು. ಅಂಬಿಗ ಹುಟ್ಟು ಹಾಕಾಕ ಹೆದರಿದ" ಎಂದಳು. ಅವಳ ಕೈ ಹಿಡಿದುಕೊಂಡು ಊರ ತುಂಬ ನಡೆದೆ.

ಒಳಗಿದ್ದ ಕೊನೆಯವರೂ ಬಂದರೆಂದು ಚನ್ನಮಲ್ಲಪ್ಪನವರು ಒಬ್ಬೊಬ್ಬರನ್ನೂ ಮಾತಾಡಿಸಿ ಖಾತ್ರಿ ಮಾಡಿಕೊಂಡು ಠರಾವು ಮುಗಿಯಿತೆಂದು ಸಾರಿದರು. ದಂಡನಾಯಕ ಇನ್ನೂ ಕುರ್ಚಿಯ ಮೇಲೆಯೇ ಇದ್ದಾನೆ. ಅವನ ವಿಷಯ ಮುಂದಿನ ಸಭೆಗೆ. ಆ ಹೊತ್ತಿಗೆ ಮಾತ್ರ ಅಟ್ಟದ ಬೀಗ ತೆಗೆದರು. ಜನ ತಂತಮ್ಮ ಡಬ್ಬಿಗಳನ್ನು ಎದೆಗೆ ಅವಚಿಕೊಂಡು ಮನೆಗೆ ಓಡಿದರು. ಒಂದು ತಾಸಿನಲ್ಲಿ ಊರಿನ ಪ್ರತಿ ಒಲೆಯಿಂದ ಒಗ್ಗರಣೆಯ ಘಾಟು ಎದ್ದಿತು. ನಾಯಿಗಳು ಕೂಡ ಸೀನಿದವು.

ನಾನು ಅಡಿಗೆಗೆ ಕೂತೆ. ಆ ಎರಡು ತಿಂಗಳು ತಡೆದಿಟ್ಟದ್ದನ್ನೆಲ್ಲ ಒಂದೇ ಸಲ ಹೊರಗೆ ಹಾಕಿದೆ. ಕೆಂಪು ರಂಜಕ ಅರೆದೆ. ಎಣ್ಣೆಗಾಯಿಗೆ ಮಸಾಲೆ ತುಂಬಿದೆ. ಜುಣಕ ಮಾಡಿದೆ, ಪುಂಡಿಪಲ್ಯ ಮಾಡಿದೆ. ಸಾಲುಸಾಲಾಗಿ ಜನ ಕೂತರು. ಈರಸಂಗಪ್ಪ, ಖಂಡೇರಾವ, ದೋಣಿಯಲ್ಲಿ ಬಂದವರು. ನಡುವೆ ಕಸ್ತೂರಿಯನ್ನು ಕೂರಿಸಿ, ಅವಳ ತಾಟಿಗೆ ಮೊದಲು ಬಡಿಸಿದೆ. ಕೆಂಪಗೆ ಎಣ್ಣೆ ತೇಲುವ ಎಣ್ಣೆಗಾಯಿ. ಚಿಕ್ಕಂದಿನಲ್ಲಿ ನನ್ನ ಪಾಲಿನದನ್ನೂ ಕದ್ದು ತಿನ್ನುತ್ತಿದ್ದಳು.

ಅವಳು ನೋಡಿದಳು. ತಾಟನ್ನು ಮೆಲ್ಲಗೆ ಹಿಂದೆ ಸರಿಸಿದಳು. ಅವಳ ಜೊತೆ ದೋಣಿಯಲ್ಲಿ ಬಂದವರೂ ಒಬ್ಬೊಬ್ಬರಾಗಿ ಸರಿಸಿದರು.

"ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ. ಖಾರ ಬ್ಯಾಡ. ಒಂದೀಟು ಮೊಸರನ್ನ ಐತೇನು?"

"ಯಾಕ? ಏನಾಗೇತಿ ಇದಕ್ಕ?"

"ಏನೂ ಆಗಿಲ್ಲ. ನೀವು ಕೊಳ್ಳೂದು ಬಿಟ್ಟ ಮ್ಯಾಲೆ ಅವರಿಗೆ ಮೆಣಸಿನಕಾಯಿ ಏನ್ ಮಾಡೋದು ತಿಳೀದಾತು. ಅಕ್ಕಿ ಕಮ್ಮಿ ಮಾಡಿ ನಮ್ಮ ಗಂಜಿಗೆ ಅದನ್ನ ಹಾಕಿದ್ರು. ಮುಂಜಾನೆನೂ ಅದ, ಸಂಜೀನೂ ಅದ. ಬಾಯಿ, ಹೊಟ್ಟಿ ಎಲ್ಲಾ ಹುಣ್ಣಾಗೇತಿ."

ಒಳಗಿದ್ದವರಿಗೇ ಪೆಟ್ಟು ಬೀಳುತ್ತದೆ ಎಂದು ಈರಸಂಗಪ್ಪ ಸಭೆಯಲ್ಲಿ ಹೇಳಿದ್ದು ಸುಳ್ಳಾಗಿರಲಿಲ್ಲ. ಅವನು ನನ್ನ ಕಡೆ ನೋಡಲಿಲ್ಲ. ತಲೆ ತಗ್ಗಿಸಿ ಕೂತ. ನನ್ನ ಕೈಯಲ್ಲಿ ರಂಜಕದ ಬಟ್ಟಲು ಹಾಗೆಯೇ ಇತ್ತು. "ನಾನ ಮಾಡಿಸಿದ್ದು," ಎಂದೆ. "ಮೊದಲು ಆ ಠರಾವು ನಾನ ತಂದದ್ದು."

"ಗೊತ್ತೈತಿ, ದೋಣ್ಯಾಗ ಅಂಬಿಗ ಹೇಳಿದ," ಎಂದಳು ಕಸ್ತೂರಿ. "ಹೊರಗಿನ ಸುದ್ದಿ ಒಂದೂ ಒಳಗ ಬರ್ತಿರಲಿಲ್ಲಕ್ಕ. ನಮ್ಮನ್ನ ಎಲ್ಲಾರೂ ಮರೆತಾರ ಅಂತಲೇ ಅಂದ್ಕೊಂಡಿದ್ವಿ. ಒಂದಿನ ಗಂಜಿ ಕೆಂಪಾತು. ಮರುದಿನ ಇನ್ನೂ ಕೆಂಪಾತು. ಹೊಳಿ ಆಚೆ ಯಾರೋ ಕೊಳ್ಳೂದು ಬಿಟ್ಟಾರ ಅಂತ ನಮಗ ತಿಳೀತು. ಒಂದಿನ ಗಂಜಿ ಸ್ವಲ್ಪ ಸಪ್ಪ ಬಂದಿತ್ತು. ಅವತ್ತು ಯಾರಿಗೂ ಸರಿಯಾಗಿ ನಿದ್ದಿ ಬರಲಿಲ್ಲ, ನೀವು ಸೋತ್ರೇನೋ ಅಂತ. ಮರುದಿನ ಮುಂಜಾನೆ ಬಾಯಾಗ ಬೆಂಕಿ ಇಟ್ಟಂಗ ಖಾರ. ಕಣ್ಣಾಗ ನೀರು ಸುರಿಸಿಕೋಂತ ಕುಣದಾಡಿದ್ವಿ. ಕಾವಲಿನವರಿಗೆ ನಮಗ ಹುಚ್ಚು ಹಿಡಿದೈತಿ ಅನಿಸ್ತು."

ಅವಳ ಪಕ್ಕದಲ್ಲಿದ್ದ ಮಾಸ್ತರ ಹೌದೆಂದು ತಲೆ ಆಡಿಸಿ ನಗತೊಡಗಿದ. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ನಾನು ನಗಲಿಲ್ಲ. ಅನ್ನ ಕಲಸುತ್ತಿದ್ದೆ. ಗಟ್ಟಿ ಮೊಸರು, ಒಂದು ಹರಳು ಉಪ್ಪು. ಒಗ್ಗರಣೆ ಕೂಡ ಇಲ್ಲ. ಅವಳ ತಾಟಿಗೆ ಬಡಿಸಿ ಎದುರಿಗೆ ಕೂತೆ. ಅವಳು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ಹೆಂಗೈತಿ?" ಎಂದೆ.

"ಉಪ್ಪು ಕಮ್ಮಿ ಆಗೇತಿ ಅಕ್ಕಾ."

"ನಿನ್ನ ಬಾಯಿಗೆ ಎಂದಾದ್ರೂ ಏನಾದ್ರೂ ಸರಿ ಹತ್ತೇತೇನ?" ಎಂದು ಕೂಗಿಕೊಂಡೇ ಉಪ್ಪು ತರಲು ಎದ್ದೆ.